ಕೊಂದವಳು, ಕೊಂದವರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವನು ಆ ಸಾಲನ್ನು ಹದಿನಾರನೆಯ ಸಲ ಓದಿದ. ‘ಕೊಂದವಳು ಯಾರೆಂಬುದು ಕೊನೆಯ ಪುಟದವರೆಗೂ ಗೊತ್ತಾಗುವುದಿಲ್ಲ ಎಂಬುದೇ ಈ ಕಾದಂಬರಿಯ ಹೆಚ್ಚುಗಾರಿಕೆ.’ ಶನಿವಾರ ಅಚ್ಚಾದದ್ದು ಸೋಮವಾರ ಬದಲಾಗುತ್ತದೆಯೇ? ಆದರೂ ಪತ್ರಿಕೆಯನ್ನು ಮಡಚಿ ಮತ್ತೆ ಬಿಡಿಸುವಾಗಲೆಲ್ಲ, ಈ ಸಲ ‘ಕೊಂದವರು’ ಎಂದಿರಬಹುದೇನೋ ಎಂಬ ಒಂದು ಹುಚ್ಚು ಆಸೆ ಎದೆಯೊಳಗೆ ಎದ್ದು, ಕಣ್ಣು ಆ ಜಾಗಕ್ಕೆ ಬಂದ ಕೂಡಲೇ ಕುಳಿತುಬಿಡುತ್ತಿತ್ತು. ವಾರಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವವ ಅವನು. ಕೊಂಬು ಬಿಟ್ಟರೆ, ದೀರ್ಘ ತಪ್ಪಿದರೆ ಮೂರು ಮೇಜಿನಾಚೆಯಿಂದಲೇ ಹಿಡಿಯುತ್ತಾನೆಂದು ಕಚೇರಿಯವರು ಅವನನ್ನು ‘ಕೊಂಬು ಸಾರ್’ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಪತ್ತೇದಾರಿ, ಭಯಾನಕ, ರೋಚಕ ಕಾದಂಬರಿಗಳ ವಿಮರ್ಶೆ ಬರೆಯುವ ಅಂಕಣ ಅವನ ಪಾಲಿಗೆ ಬಂದದ್ದು ಬೇರೆ ಯಾರೂ ಅದನ್ನು ಮುಟ್ಟಲು ಒಪ್ಪದಿದ್ದುದರಿಂದ. ಅವನೂ ಮೂಗು ಮುರಿದೇ ಒಪ್ಪಿಕೊಂಡಿದ್ದ. ಒಪ್ಪಿಕೊಂಡ ಮೇಲೆ ಒಂದು ನಿಯಮ ಮಾಡಿಕೊಂಡಿದ್ದ: ‘ಕೊಂದವನು’ ಎನ್ನಬಾರದು, ‘ಕೊಂದವಳು’ ಎನ್ನಬಾರದು, ಯಾವಾಗಲೂ ‘ಕೊಂದವರು’. ಭಾಷೆ ಮಹಾ ಚಾಡಿಕೋರ. ಕ್ರಿಯಾಪದ ಬಾಯಿ ತೆರೆದರೆ ಸಾಕು, ಗಂಡೋ ಹೆಣ್ಣೋ ಎಂದು ಹೇಳಿಯೇ ಬಿಡುತ್ತದೆ. ಹಾಗಾಗಿ ಅವನ ಅಂಕಣದಲ್ಲಿ ಹದಿನಾಲ್ಕು ವರ್ಷ ಎಲ್ಲರೂ ಬಹುವಚನದಲ್ಲೇ ಇರಿದರು, ಬಹುವಚನದಲ್ಲೇ ವಿಷ ಬೆರೆಸಿದರು. ಒಬ್ಬ ಓದುಗ ಒಮ್ಮೆ ಕಾರ್ಡು ಬರೆದಿದ್ದ: ‘ಕೊಲೆಗಾರರಿಗೆ ಇಷ್ಟೊಂದು ಮರ್ಯಾದೆ ಯಾಕೆ ಸ್ವಾಮಿ?’ ಅದನ್ನು ಅವನು ಹೆಮ್ಮೆಯಿಂದ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. ಈಗ ಕಾರ್ಡು ಅಲ್ಲಿಂದಲೇ ಅವನನ್ನು ನೋಡುತ್ತಿತ್ತು.

ಆ ಕಾದಂಬರಿಯ ಹೆಸರು ‘ಒದ್ದೆ ಕೊಡೆ’. ಒಂದು ಸಣ್ಣ ಕಚೇರಿ, ಆರು ಜನ, ಐದು ಗಂಡಸರು ಮತ್ತು ಒಬ್ಬಳು ಬೆರಳಚ್ಚುಗಾರ್ತಿ. ಮೇಲಧಿಕಾರಿ ಸತ್ತುಬಿದ್ದಿದ್ದಾನೆ, ಬಾಗಿಲ ಬಳಿ ಒಂದು ಕೊಡೆ ಹೆಚ್ಚು ಒದ್ದೆಯಾಗಿದೆ. ಮುನ್ನೂರ ಹನ್ನೆರಡು ಪುಟ ಓದುಗ ಆ ಬೆರಳಚ್ಚುಗಾರ್ತಿಗಾಗಿ ಹೆದರುತ್ತಾನೆ, ಮುಂದಿನ ಸರದಿ ಇವಳದೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾಯುತ್ತಾನೆ. ಕೊನೆಗೆ ನೋಡಿದರೆ ಇಷ್ಟು ಹೊತ್ತೂ ತಾನು ಕಾದದ್ದು ಕೊಂದವಳನ್ನೇ. ಇಡೀ ಪುಸ್ತಕ ನಿಂತಿರುವುದು ಆ ಒಂದು ಅಕ್ಷರದ ಮೇಲೆ. ಐದು ಗಂಡಸರ ನಡುವೆ ಒಬ್ಬಳೇ ಹೆಂಗಸಿರುವಾಗ ‘ಳು’ ಎಂದರೆ ಅದು ಹೆಸರು, ವಿಳಾಸ, ಬೆರಳಚ್ಚು ಎಲ್ಲವೂ. ಮುಖಪುಟದ ಮೇಲೆ ಲೇಖಕರ ಹೆಸರಿನ ಜಾಗದಲ್ಲಿ ಎರಡು ಅಕ್ಷರ ಮಾತ್ರ ಇದ್ದವು, ಅದು ಯಾರೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಅದು ಅವನ ಅಕ್ಕ.

“ಏನ್ರೀ ಇದು ಕೊಂಬು ಸಾರ್?” ಎಂದರು ಸಂಪಾದಕರು. ಕೋಣೆಯೊಳಗೆ ಕರೆಸಿ, ಕೂರಲು ಹೇಳದೆ, ಕನ್ನಡಕದ ಮೇಲಿಂದ ನೋಡಿದರು. “ಪ್ರಕಾಶಕರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿ ನನ್ನ ಜೀವ ತಿಂದ್ರು. ಪುಸ್ತಕ ಬಿಡುಗಡೆಯಾಗಿ ಹತ್ತು ದಿನ ಆಗಿಲ್ಲ, ನಿಮ್ಮ ಪತ್ರಿಕೆ ಕೊನೇ ಪುಟ ಕಿತ್ತು ಊರಿಗೆಲ್ಲ ಹಂಚಿದೆ ಅಂತಾರೆ. ಮೇಲಿಂದ ಒಂಬತ್ತು ಜನ ಓದುಗರೂ ಫೋನ್ ಮಾಡಿದ್ದಾರೆ.”

“ತಪ್ಪಾಗಿದೆ ಸಾರ್.”

“ತಪ್ಪಾಗಿದೆ ಅಂತ ನನಗೂ ಕಾಣ್ತಾ ಇದೆ. ಕರಡು ನೋಡಿದ್ದು ಯಾರು?”

“ನೋಡಿದವರು ಗಮನಿಸಿಲ್ಲ ಸಾರ್,” ಎಂದ ಅವನು. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಕರಡು ನೋಡುವವರು ಇಬ್ಬರು. ತನ್ನ ಅಂಕಣವನ್ನು ತಾನೇ ನೋಡಬಾರದೆಂಬ ಕಟ್ಟಳೆ ಇತ್ತು, ಆದರೆ ಇನ್ನೊಬ್ಬರು ಕಳೆದ ವಾರ ರಜೆಯ ಮೇಲಿದ್ದರು. ಸಂಪಾದಕರಿಗೆ ಅದು ನೆನಪಿರಲಿಲ್ಲ. ಅವನು ನೆನಪಿಸಲಿಲ್ಲ.

“ಹೋಗ್ಲಿ. ಈ ವಾರ ಒಂದು ತಿದ್ದುಪಡಿ ಹಾಕಿ. ನಾಲ್ಕೇ ಸಾಲು. ಅಂಕಣದ ಕೆಳಗೆ ಎರಡಂಗುಲ ಜಾಗ ಬಿಡಿಸಿದ್ದೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಟ ಹೋಗುತ್ತೆ.”

ತಿದ್ದುಪಡಿ. ಅವನು ತನ್ನ ಮೇಜಿಗೆ ಬಂದು ಹಾಳೆ ಎಳೆದುಕೊಂಡ. ‘ಕಳೆದ ಸಂಚಿಕೆಯಲ್ಲಿ “ಕೊಂದವಳು” ಎಂಬುದನ್ನು “ಕೊಂದವರು” ಎಂದು ಓದಿಕೊಳ್ಳಬೇಕಾಗಿ ವಿನಂತಿ’ ಎಂದು ಬರೆದು, ಬರೆದದ್ದನ್ನು ನೋಡಿ, ಹಣೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಕಳೆದ ವಾರ ಗಮನಿಸದವನೂ ಇದನ್ನು ಓದಿದರೆ, ಓಹೋ, ಹೆಂಗಸೇ ಹಾಗಾದರೆ, ಎನ್ನುತ್ತಾನೆ. ಹರಿದು ಹಾಕಿದ. ‘ಲಿಂಗವಾಚಕ ಪ್ರತ್ಯಯವೊಂದು ತಪ್ಪಾಗಿ ಮುದ್ರಣವಾಗಿದೆ’ ಎಂದು ಬರೆದ. ಯಾವ ಪ್ರತ್ಯಯ ಎಂದು ಹುಡುಕುವ ಚಪಲಕ್ಕೆ ಜನ ಹಳೆಯ ಸಂಚಿಕೆ ತೆಗೆದು ಓದುತ್ತಾರೆ. ಅದನ್ನೂ ಹರಿದ. ‘ಕೊಂದವನು ಎಂದಿರಬೇಕಿತ್ತು’ ಎಂದು ಸುಳ್ಳೇ ಬರೆದುಬಿಟ್ಟರೆ? ಒಂದು ಕ್ಷಣ ಅದು ಬಹಳ ಒಳ್ಳೆಯ ಉಪಾಯವಾಗಿ ಕಂಡಿತು. ಆಮೇಲೆ, ಪುಸ್ತಕ ಓದಿ ಮುಗಿಸಿದವರು ಕೊಂಬು ಸಾರ್‌ಗೆ ಓದಲೂ ಬರುವುದಿಲ್ಲ ಎನ್ನುತ್ತಾರೆಂದು ಹೊಳೆಯಿತು, ಹಾಗೆ ಹೊಳೆದಾಗ ಕೈ ತಡೆದದ್ದು ಅಕ್ಕನ ಪುಸ್ತಕದ ಚಿಂತೆಯಲ್ಲ, ತನ್ನ ಮಾನದ ಚಿಂತೆ ಎಂಬುದೂ ಹೊಳೆಯಿತು. ತಿದ್ದುವುದೇ ಕಸುಬಾದವನಿಗೆ ಒಂದು ತಿದ್ದುಪಡಿ ಬರೆಯಲು ಬರುತ್ತಿಲ್ಲ. ತಲೆ ಚಿಟ್ಟುಹಿಡಿಯಿತು.

ಎಡಗಡೆ ಈ ವಾರದ ಮೂರು ಪುಸ್ತಕಗಳು ಕಾಯುತ್ತಿದ್ದವು. ಒಂದರಲ್ಲಿ ಬಹುಮಹಡಿ ಕಟ್ಟಡದ ಲಿಫ್ಟು, ಇಲ್ಲವೇ ಇಲ್ಲದ ಮಹಡಿಯೊಂದರಲ್ಲಿ ನಿಲ್ಲುತ್ತದೆ, ಬಾಗಿಲು ತೆರೆದಾಗಲೆಲ್ಲ ಸತ್ತ ಬಾಡಿಗೆದಾರ ಒಳಗೆ ಬರುತ್ತಾನೆ. ಹೆದರಿಸಬೇಕೆಂಬ ಆತುರದಲ್ಲಿ ಲೇಖಕರು ಪುಟಕ್ಕೆ ನಾಲ್ಕು ಸಲ ಕರೆಂಟು ತೆಗೆಯುತ್ತಾರೆ. ಇನ್ನೊಂದರಲ್ಲಿ ಅಧ್ಯಾಯದ ತಲೆಯ ಮೇಲೆ ‘ಇನ್ನು ನಲವತ್ತೊಂದು ನಿಮಿಷ’ ಎಂದು ಬಾಂಬಿನ ಗಡಿಯಾರ, ಆದರೆ ಆ ನಲವತ್ತೊಂದು ನಿಮಿಷದಲ್ಲಿ ನಾಯಕನಿಗೆ ಎರಡು ಸಲ ಪ್ರೇಮ ನಿವೇದನೆ ಮಾಡುವಷ್ಟು ಪುರಸೊತ್ತು. ಮೂರನೆಯದರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ. ಅವನಿಗೆ ಬೆನ್ನುನೋವು, ಲೇಖಕರಿಗೆ ವಿಶೇಷಣಗಳ ರೋಗ. ಕೊಂದದ್ದು ಯಾರೆಂದು ಮೂವತ್ತನೆಯ ಪುಟಕ್ಕೇ ಕೊಂಬು ಸಾರ್‌ಗೆ ಗೊತ್ತಾಗಿತ್ತು. ಯಾವಾಗಲೂ ಹಾಗೇ. ಮೂವತ್ತರೊಳಗೆ ಹಿಡಿಯುತ್ತಾನೆ, ಹಿಡಿದ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕುತ್ತಾನೆ. ಮನೆಯ ಬೀರುವಿನಲ್ಲಿ ಅಂಥ ಗುರುತುಗಳಿರುವ ನಾಲ್ಕುನೂರು ಪುಸ್ತಕಗಳಿದ್ದವು. ಈ ಮೂರರ ಬಗ್ಗೆ ‘ಮೈ ಜುಮ್ಮೆನಿಸುವ’, ‘ಒಂದೇ ಉಸಿರಿಗೆ ಓದಿಸಿಕೊಳ್ಳುವ’ ಎಂಬ ತನ್ನ ಹಳೆಯ ಅಂಗಡಿ ಸಾಮಾನುಗಳನ್ನೇ ಜೋಡಿಸುತ್ತ ಹೋದವನು ಪ್ರತಿಯೊಂದು ಕ್ರಿಯಾಪದದ ಬಾಲಕ್ಕೆ ಬಂದಾಗಲೂ ನಿಂತ. ಹೋದರೋ, ಹೋಯಿತೋ? ದೆವ್ವಕ್ಕೆ ಯಾವ ಪ್ರತ್ಯಯ? ಲಿಫ್ಟು ಕೊಂದರು ಎಂದು ಬರೆದುಬಿಟ್ಟಿದ್ದ. ಅದನ್ನು ತಿದ್ದುವಾಗ ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು.

‘ಒದ್ದೆ ಕೊಡೆ’ಯಲ್ಲಿ ಪೆನ್ಸಿಲಿನ ಗುರುತು ಇರಲಿಲ್ಲ. ಮೂವತ್ತು ದಾಟಿತು, ಐವತ್ತಾಯಿತು. ಅಕ್ಕ ಬರೆದದ್ದಲ್ಲವೇ, ಎಲ್ಲೋ ಕಾಲು ಜಾರಿರುತ್ತಾಳೆ ಎಂದು ಅವನು ಸಡಿಲವಾಗಿ ಕುಳಿತೇ ಓದಿದ್ದ. ನೂರರ ಹೊತ್ತಿಗೆ ಬೆನ್ನು ನೆಟ್ಟಗಾಗಿತ್ತು. ಇನ್ನೂರರ ಹೊತ್ತಿಗೆ ಸಿಟ್ಟು ಬಂದಿತ್ತು. ಮುನ್ನೂರ ಹನ್ನೆರಡನೆಯ ಪುಟದಲ್ಲಿ ಬೆರಳಚ್ಚುಗಾರ್ತಿ ಕೊಡೆಯನ್ನು ಕೊಡವಿ ಮೂಲೆಗಿಟ್ಟಾಗ ಅವನು ಪುಸ್ತಕ ಮುಚ್ಚಿ ಸುಮಾರು ಹೊತ್ತು ಗೋಡೆ ನೋಡಿದ್ದ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇವರ ಮಾತನ್ನು ಅವರಿಗೆ ದಾಟಿಸುತ್ತಿದ್ದ ಅಕ್ಕ. ಎಂಟು ವರ್ಷದ ಹಿಂದೆ, ಸ್ವಯಂ ನಿವೃತ್ತಿ ಪಡೆದ ಹೊಸದರಲ್ಲಿ, ಏನೋ ಬರೀತಿದೀನಿ ಓದ್ತೀಯಾ ಎಂದು ಸಂಕೋಚದಿಂದ ಕೇಳಿದಾಗ ಅವನು ಏನೆಂದಿದ್ದ? “ಇಂಥದ್ದೆಲ್ಲ ಯಾಕೆ ಬರೀತೀಯಕ್ಕ, ಬರೆಯೋದಾದ್ರೆ ಗಂಭೀರವಾಗಿ ಬರಿ.” ಗಂಭೀರ! ಅವನ ಗಂಭೀರ ಕಾದಂಬರಿ ಹತ್ತೊಂಬತ್ತು ವರ್ಷದಿಂದ ನಾಲ್ಕನೆಯ ಅಧ್ಯಾಯದಲ್ಲಿ ಗಂಭೀರವಾಗಿ ಕುಳಿತಿತ್ತು. ಅಕ್ಕ ಮತ್ತೆ ಕೇಳಲಿಲ್ಲ. ಪುಸ್ತಕ ಅಚ್ಚಾದ ಮೇಲೆ, ಕಚೇರಿಗೆ ಬಂದ ವಿಮರ್ಶೆಯ ಪ್ರತಿಗಳ ಕಟ್ಟಿನಲ್ಲಿ ಬಂದೇ ಅದು ಅವನ ಕೈ ಸೇರಿದ್ದು. ಅವತ್ತು ಫೋನಿನಲ್ಲಿ ಅವಳು ಇಷ್ಟೇ ಹೇಳಿದ್ದಳು: “ನನ್ನ ತಮ್ಮ ಅಂತ ಬರೀಬೇಡ. ಪುಸ್ತಕ ಹೇಗಿದೆಯೋ ಹಾಗೆ ಬರಿ.”

ಮಧ್ಯಾಹ್ನ ಡಬ್ಬಿ ಬಿಚ್ಚಿದ. ಹಸಿವಿರಲಿಲ್ಲ. ಬೆಳಿಗ್ಗೆ ಅದನ್ನು ತುಂಬಿಸಿಕೊಡುವಾಗ ಹೆಂಡತಿ ಅವನ ಮುಖ ನೋಡಿರಲಿಲ್ಲ. ಅವನಿಗೆ ಗೊತ್ತಿರುವವರಲ್ಲಿ ಇಂಥ ಪುಸ್ತಕಗಳನ್ನು ನಿಜವಾಗಿ ಪ್ರೀತಿಸಿ ಓದುವವಳು ಅವಳೊಬ್ಬಳೇ. ಪುಸ್ತಕ ಮುಗಿಸುವ ತನಕ ಗಂಡನ ಅಂಕಣವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಸಲ ಅತ್ತಿಗೆಯ ಪುಸ್ತಕಕ್ಕೆ ಇವರು ಏನು ಬರೆದಿದ್ದಾರೋ ಎಂಬ ಖುಷಿಗೆ ನೂರ ನಲವತ್ತನೆಯ ಪುಟದಲ್ಲಿ ಬೆರಳಿಟ್ಟುಕೊಂಡೇ ಓದಿಬಿಟ್ಟಿದ್ದಳು. ಓದಿ, ಪುಸ್ತಕದಿಂದ ಬೆರಳು ತೆಗೆದಳು. “ಇನ್ನೇನಿದೆ ಓದೋಕೆ” ಎಂದು ಬೀರುವಿನಲ್ಲಿಟ್ಟಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಇವತ್ತು ಬಾಗಿಲ ಬಳಿ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಮಾತ್ರ, “ಪರರ ಪುಸ್ತಕಕ್ಕೆ ಹದಿನಾಲ್ಕು ವರ್ಷ ತಪ್ಪದ ಕೈ, ಅತ್ತಿಗೆ ಪುಸ್ತಕಕ್ಕೇ ತಪ್ಪಬೇಕಿತ್ತಾ?” ಎಂದಳು. ಕೇಳಿದ ರೀತಿಯಲ್ಲಿ ಸಂಶಯವಿರಲಿಲ್ಲ, ಬರೀ ಬೇಸರವಿತ್ತು. ಅದಕ್ಕೇ ಅವನಿಗೆ ತಡೆಯಲಾಗದೆ, “ಕಣ್ತಪ್ಪು ಅಂತ ಹೇಳಿದ್ನಲ್ಲ!” ಎಂದು ಕೂಗಿದ್ದ, ಕೂಗಿದ್ದು ಮೆಟ್ಟಿಲ ತನಕ ಕೇಳಿಸಿ, ಕೆಳಮನೆಯವರು ತಲೆಯೆತ್ತಿ ನೋಡಿದ್ದರು.

ಕಣ್ತಪ್ಪಲ್ಲ. ಮೊದಲ ಕರಡಿನಲ್ಲಿ ಕಣ್ತಪ್ಪು, ಅದು ಹೌದು. ಬರೆಯುವಾಗ ಬೆರಳಚ್ಚುಗಾರ್ತಿಯೇ ಕಣ್ಣೆದುರು ಇದ್ದಳು, ಕೈ ತಾನಾಗಿ ಬರೆದಿತ್ತು. ಎರಡನೆಯ ಕರಡಿನಲ್ಲಿ ಬಹುಶಃ ಕಂಡಿರಲಿಲ್ಲ. ಮೂರನೆಯದರಲ್ಲಿ ಕಂಡಿತು. ಕೆಂಪು ಪೆನ್ನು ‘ಳು’ವಿನ ಮೇಲೆ ಬಂದು ನಿಂತಿತು. ಕಿಟಕಿಯಾಚೆ ಯಾರೋ ಸ್ಕೂಟರನ್ನು ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ, ಒಂದು, ಎರಡು, ಮೂರು ಒದೆತ. ಅಷ್ಟು ಹೊತ್ತು ಪೆನ್ನು ನಿಂತೇ ಇತ್ತು. ಯಾರು ಗಮನಿಸುತ್ತಾರೆ ಎಂದುಕೊಂಡ. ಪುಟಕ್ಕೆ ತಡವಾಗಿದೆ ಎಂದುಕೊಂಡ. ಸ್ಕೂಟರು ಹೊತ್ತಿಕೊಂಡಿತು, ಅವನು ಹಾಳೆಯ ಮೂಲೆಯಲ್ಲಿ ಸಹಿ ಹಾಕಿದ. ನಾಲ್ಕುನೂರು ಪುಸ್ತಕಗಳಲ್ಲಿ ಗುರುತು ಹಾಕಿದವನನ್ನು ಅಕ್ಕ ಮುನ್ನೂರ ಹನ್ನೆರಡು ಪುಟ ಕುಣಿಸಿದಳಲ್ಲ ಎಂಬ ಹೊಟ್ಟೆಕಿಚ್ಚು ಆ ಮೂರು ಒದೆತಗಳ ನಡುವೆ ಎಲ್ಲೋ ಕುಳಿತಿತ್ತು, ಈಗ ಅದು ಕಾಣುತ್ತಿತ್ತು. ಅದರ ಹಿಂದೆಯೇ ಅವನ ಏಳನೆಯ ವಯಸ್ಸಿನ ಒಂದು ದಿನವೂ ಕಣ್ಣೆದುರು ಬಂತು. ಅಪ್ಪ ಆ ದಿನ ಬೆಲ್ಟು ಬಿಚ್ಚಿರಲಿಲ್ಲ, ಕುರ್ಚಿಯಲ್ಲಿ ಕುಳಿತೇ ಇದ್ದರು. ಮೇಷ್ಟರಾಗಿದ್ದ ಅವರು ಮನೆಗೆ ತಂದಿದ್ದ ಶಾಲೆಯ ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆಗಳು ಹರಿದುಹೋಗಿದ್ದವು. “ಯಾರು ಹರಿದದ್ದು?” ಮೂವರು ಮಕ್ಕಳು ಸಾಲಾಗಿ ನಿಂತಿದ್ದರು, ಅಣ್ಣ, ಅಕ್ಕ, ಅವನು. ಆ ಹಾಳೆಗಳಲ್ಲಿ ಅಕ್ಕ ಒಂದು ಕಥೆ ಬರೆಯುತ್ತಿದ್ದಳು, ದಿನಕ್ಕೊಂದು ತುಂಡು ಅವನಿಗೆ ಮಾತ್ರ ಹೇಳುತ್ತಿದ್ದಳು, ಬಾವಿಯೊಳಗಿಂದ ಬರುವ ಗಂಟೆಯ ಸದ್ದಿನ ಕಥೆ, ಗಂಟೆ ಬಾರಿಸುವವರು ಯಾರೆಂದು ನಾಳೆ ಹೇಳುತ್ತೇನೆ ಎಂದು ನಿಲ್ಲಿಸಿದ್ದಳು. ಹೆಸರು ಹೇಳುವುದಿಲ್ಲವೆಂದು ಅವನು ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಏಳು ವರ್ಷದ ಜಾಣತನದಲ್ಲಿ ಎದೆಯುಬ್ಬಿಸಿ, “ಹರಿದವಳ ಹೆಸರು ನಾನು ಹೇಳೋದಿಲ್ಲ” ಎಂದ. ಅಪ್ಪನಿಗೆ ಮೊದಲು ನಗು ಬಂತು. ಅಣ್ಣನೂ ನಕ್ಕ. ಅವನಿಗೆ ಯಾಕೆ ನಗುತ್ತಿದ್ದಾರೆಂದು ತಿಳಿಯುವ ಮುಂಚೆ ಅಪ್ಪ ಅಕ್ಕನ ಚೀಲ ಕೊಡವಿದ್ದರು, ಹಾಳೆಗಳೆಲ್ಲ ಒಲೆಗೆ ಹೋಗಿದ್ದವು. ಗಂಟೆ ಬಾರಿಸುವವರು ಯಾರೆಂದು ಅಕ್ಕ ಮಾರನೆಯ ದಿನ ಹೇಳಲಿಲ್ಲ. ಆಮೇಲೆ ಯಾವ ಕಥೆಯನ್ನೂ ಹೇಳಲಿಲ್ಲ. ಅವತ್ತು ಅವನಿಗೆ ಗೊತ್ತಿರಲಿಲ್ಲ, ಏಳು ವರ್ಷದವನಿಗೆ ವ್ಯಾಕರಣ ಎಲ್ಲಿ ಗೊತ್ತಿರುತ್ತದೆ? ಈಗ ಐವತ್ತೆರಡು, ವ್ಯಾಕರಣವೇ ಹೊಟ್ಟೆಪಾಡು.

ಮೂರು ಗಂಟೆಗೆ ಮೇಜಿನ ಫೋನು ಬಡಿದುಕೊಂಡಿತು. ಅಕ್ಕ.

“ಕೆಲಸ ಇದೆಯಾ?”

“ಇಲ್ಲ, ಹೇಳಕ್ಕ.”

“ಸಂಜೆ ಬರ್ತಾ ಒಂದು ಬಲ್ಬ್ ತಗೊಂಡ್ಬಾ. ಹೊರಗಡೆದು ಹೋಗಿದೆ. ನನಗೆ ಸ್ಟೂಲ್ ಹತ್ತೋಕೆ ಭಯ.”

“ಇನ್ನೇನಾದ್ರೂ ಬೇಕಾ?”

“ಬೇಡ,” ಎಂದಳು ಅಕ್ಕ. ಸ್ವಲ್ಪ ಹೊತ್ತು ತಂತಿಯಲ್ಲಿ ಅವಳ ಉಸಿರು ಕೇಳಿಸಿತು. ಮೂವತ್ತು ವರ್ಷ ಬೇರೆಯವರ ಮೌನ ಕೇಳಿಸಿಕೊಂಡವಳು ತನ್ನ ಮೌನವನ್ನು ಎಷ್ಟು ಉದ್ದ ಬಿಡಬೇಕೆಂದು ಬಲ್ಲವಳ ಹಾಗೆ, ಸರಿಯಾಗಿ ಅವನ ಅಂಗೈ ಬೆವರುವ ತನಕ ಬಿಟ್ಟು, ಫೋನಿಟ್ಟಳು.

ಐದೂವರೆಗೆ ಅವನು ಬಲ್ಬಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತಿದ್ದ. ತಿದ್ದುಪಡಿ ಬರೆದಾಗಿರಲಿಲ್ಲ, ಎರಡಂಗುಲ ಜಾಗ ಹಾಗೇ ಖಾಲಿ ಉಳಿದಿತ್ತು. ಅವಳು ಓದಿಲ್ಲದಿರಬಹುದು ಎಂದು ಮೂರು ನಿಲ್ದಾಣಗಳವರೆಗೆ ನಂಬಿದ. ಓದಿದ್ದರೂ ಆ ಅಕ್ಷರ ಕಂಡಿಲ್ಲದಿರಬಹುದು ಎಂದು ಇನ್ನೆರಡು ನಿಲ್ದಾಣ. ಕಂಡಿದ್ದರೆ ಅಚ್ಚಿನವರ ಮೇಲೆ ಹಾಕಬಹುದು. ಅಚ್ಚಿನವರು ಎಂದರೆ ಯಾರು? ಯಾರೋ. ಒಬ್ಬರಲ್ಲ, ಹಲವರು, ಮುಖವಿಲ್ಲದವರು. ಪಕ್ಕದವನ ಮೊಣಕೈ ಪೊಟ್ಟಣಕ್ಕೆ ತಗುಲಿದಾಗ ಅವನು ಜೋರಾಗಿ, “ನೋಡ್ಕೊಂಡು ನಿಂತ್ಕೊಳ್ರೀ, ಕಣ್ಣು ಕಾಣಲ್ವಾ?” ಎಂದು ರೇಗಿದ. ಆ ಮನುಷ್ಯ ಪಾಪ, “ಸಾರಿ ಸಾರ್” ಎಂದು ಸರಿದುಕೊಂಡ.

ಅಕ್ಕನದು ಎರಡನೆಯ ಮಹಡಿಯ ಎರಡು ಕೋಣೆಯ ಮನೆ. ಅವಳು ಒಬ್ಬಳೇ, ಅದರಲ್ಲಿ ಅವಳಿಗೆ ಯಾವ ಕೊರಗೂ ಇದ್ದಂತಿರಲಿಲ್ಲ. ಮೇಜಿನ ಮೇಲೆ ಪತ್ರಿಕೆ ಅಂಕಣದ ಪುಟಕ್ಕೇ ಮಡಚಿ ಇತ್ತು. ಅವನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ಅವಳು ಒಳಗಿನಿಂದ ಸ್ಟೂಲು ತಂದು ಬಾಗಿಲಾಚೆ ಇಟ್ಟಳು. “ಒಂದು ಕಾಲು ಗಿಡ್ಡ. ನಾನು ಹಿಡ್ಕೋತೀನಿ, ಹತ್ತು.” ಅವನು ಹತ್ತಿದ. ಎರಡು ಕೈಯೆತ್ತಿ ಹಳೆಯ ಬಲ್ಬನ್ನು ತಿರುಗಿಸುವಾಗ ಅಂಗಿ ಮೇಲೆ ಸರಿದು ಹೊಟ್ಟೆ ಕಂಡಿತು, ಅದನ್ನು ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಬಲ್ಬು ತುಕ್ಕಿಗೆ ಕಚ್ಚಿಕೊಂಡಿತ್ತು. ಕೆಳಗೆ ಅಕ್ಕನ ನೆತ್ತಿ, ಬೈತಲೆಯ ಎರಡೂ ಕಡೆ ಬಿಳಿ ಕೂದಲು, ಸ್ಟೂಲನ್ನು ಒತ್ತಿ ಹಿಡಿದ ಎರಡು ಕೈಗಳು.

“ಕರಡು ಯಾರು ನೋಡಿದ್ದೋ?” ಎಂದಳು ಅಕ್ಕ, ತಲೆಯೆತ್ತದೆ.

“ನೋಡಿದವರು ಗಮನಿಸಲಿಲ್ಲ ಅಕ್ಕ.” ಬೆಳಿಗ್ಗೆ ಹೇಳಿ ಅಭ್ಯಾಸವಾಗಿದ್ದ ಮಾತು.

“ನೋಡಿದವರು,” ಎಂದಳು ಅಕ್ಕ. ಮತ್ತೊಮ್ಮೆ, ಅಕ್ಷರ ಅಕ್ಷರ ಬಿಡಿಸಿ, “ನೋ-ಡಿ-ದ-ವ-ರು. ಚೆನ್ನಾಗಿ ಕಲ್ತಿದೀಯ ಕಣೋ ಈ ‘ರು’ನ. ಅವತ್ತು ಅಪ್ಪನ ಮುಂದೆ ನಿಂತಾಗ ಬಂದಿದ್ರೆ ಎಷ್ಟು ಚೆನ್ನಾಗಿತ್ತು.”

ಅವನ ಕೈಯಲ್ಲಿ ಬಲ್ಬು ತಿರುಗುವುದು ನಿಂತಿತು. ಅವಳಿಗೆ ನೆನಪಿದೆ. ನಲವತ್ತೈದು ವರ್ಷ ಒಂದು ಮಾತೂ ಆಡದೆ ಅದನ್ನು ಕೊನೆಯ ಪುಟದ ತನಕ ಇಟ್ಟುಕೊಂಡು ಬಂದಿದ್ದಾಳೆ. ಅಚ್ಚಿನವರು ಎನ್ನಬೇಕೆಂದುಕೊಂಡು ಬಾಯಿ ತೆರೆದ.

“ನೋಡಿದವನು ನಾನೇ,” ಎಂದ. “ಮೂರನೇ ಸಲ ಕಣ್ಣಿಗೆ ಬಿತ್ತು. ಕಂಡೂ ಬಿಟ್ಟೆ.”

ಅಕ್ಕ ಸ್ಟೂಲಿನಿಂದ ಕೈ ತೆಗೆದಳು. ಒಳಗೆ ಹೋದಳು. ಗಿಡ್ಡ ಕಾಲು ನೆಲ ಬಿಟ್ಟು ಮತ್ತೆ ಮುಟ್ಟಿತು. ಅವನು ಒಂದು ಕೈಯನ್ನು ಗೋಡೆಗೆ ಒತ್ತಿ, ಇನ್ನೊಂದರಲ್ಲಿ ಬಿಸಿಯಿಲ್ಲದ ಬಲ್ಬನ್ನು ಹಿಡಿದು, ಅಲುಗಾಡದೆ ನಿಲ್ಲಲು ನೋಡಿದ. ಎದುರು ಮನೆಯವರು ಮೆಟ್ಟಿಲು ಹತ್ತಿ ಬಂದು, ಅವನ ಹೊಟ್ಟೆಯನ್ನೂ ಮುಖವನ್ನೂ ನೋಡಿ, ಬೀಗ ತೆಗೆದು ಒಳಗೆ ಹೋದರು. ಇಳಿಯಬಹುದಿತ್ತು. ಹೇಳದೆ ಇಳಿಯುವ ಧೈರ್ಯ ಬರಲಿಲ್ಲ.

“ಒಂದು ಕೇಳ್ತೀನಿ, ನಿಜ ಹೇಳು,” ಎಂದಿತು ಒಳಗಿನಿಂದ ಅಕ್ಕನ ದನಿ. ಅದು ಎಕ್ಸ್‌ಚೇಂಜಿನ ದನಿಯಾಗಿರಲಿಲ್ಲ; ಲಂಗದ ಚುಂಗು ಬೆರಳಿಗೆ ಸುತ್ತಿಕೊಂಡು, ಕಥೆ ಹೇಗಿತ್ತೋ ಎಂದು ಏಳು ವರ್ಷದವನನ್ನು ಕೇಳುತ್ತಿದ್ದ ಹುಡುಗಿಯದು. “ನಿನಗೆ ಎಷ್ಟನೇ ಪುಟದಲ್ಲಿ ಗೊತ್ತಾಯ್ತು? ಅವಳೇ ಅಂತ.”

ಅವನು ಗೋಡೆ ನೋಡುತ್ತ ಹೇಳಿದ. “ಗೊತ್ತಾಗ್ಲೇ ಇಲ್ಲ ಅಕ್ಕ. ಮುನ್ನೂರ ಹನ್ನೆರಡರ ತನಕ ಗೊತ್ತಾಗ್ಲಿಲ್ಲ.”

ಅವಳು ಬಾಗಿಲಿಗೆ ಬಂದಳು. ಬಾಗಿ ಎರಡೂ ಕೈಯಿಂದ ಸ್ಟೂಲು ಹಿಡಿದಳು.

“ಅದನ್ನೇ ಅಲ್ವೇನೋ ನೀನು ಬರೀಬೇಕಾಗಿದ್ದದ್ದು,” ಎಂದಳು.